ಖಾನಾಪುರದ ಮಳೆಯೂ ಜಿಲ್ಲೆಯ ಸರಾಸರಿಯೂ

ಜುಲೈ ತಿಂಗಳ ಯಾವುದಾದರೊಂದು ಮುಂಜಾನೆ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ಒಳಗೆ ಬರುವ ವಿದ್ಯಾರ್ಥಿಗಳ ಕಾಲುಗಳನ್ನು ನೋಡಿದರೆ ಸಾಕು, ಯಾರು ಯಾವ ದಿಕ್ಕಿನಿಂದ ಬಂದವರೆಂದು ಹೇಳಿಬಿಡಬಹುದು. ಜಾಂಬೋಟಿ, ಖಾನಾಪುರಗಳ ಕಡೆಯಿಂದ ಬಂದವರಿಗೆ ಮೊಣಕಾಲಿನವರೆಗೆ ಕೆಂಪು ಕೆಸರು ಮೆತ್ತಿರುತ್ತದೆ. ಬೆಳಗಾವಿಯ ಶಹಾಪುರ, ಟಿಳಕವಾಡಿಗಳವರ ಛತ್ರಿಗಳಿಂದ ನೀರು ತೊಟ್ಟಿಕ್ಕುತ್ತಿದ್ದರೂ ಬಟ್ಟೆಗಳು ಬಹುಮಟ್ಟಿಗೆ ಒಣಗಿಯೇ ಇರುತ್ತವೆ. ಬೈಲಹೊಂಗಲದ ಬಸ್ಸಿನಿಂದ ಇಳಿದವರಾದರೋ ಛತ್ರಿಯನ್ನು ತಂದಿರುವುದೇ ಇಲ್ಲ. ಇವರೆಲ್ಲರೂ ಒಂದೇ ಜಿಲ್ಲೆಯವರು. ಒಂದೇ ಮುಂಜಾನೆ, ಒಂದೇ ಆಕಾಶದ ಕೆಳಗೆ ಮನೆ ಬಿಟ್ಟು ಹೊರಟವರು.

ಈ ವ್ಯತ್ಯಾಸಕ್ಕೆ ಕಾರಣವೇನೆಂದು ಒಮ್ಮೆ ತರಗತಿಯಲ್ಲಿ ಬರೆಯಿಸಿದೆ. ಬಹುಮಂದಿ ಬರೆದ ಉತ್ತರ ಒಂದೇ: "ಸಹ್ಯಾದ್ರಿಯು ಮೋಡಗಳನ್ನು ತಡೆಯುತ್ತದೆ, ಆದುದರಿಂದ ಮಳೆ ಬೀಳುತ್ತದೆ." ನಾನು ಅದಕ್ಕೆ ಅರ್ಧ ಅಂಕವನ್ನಷ್ಟೇ ಕೊಟ್ಟೆ. ಒಬ್ಬ ಹುಡುಗ ಎದ್ದು ನಿಂತು, "ಸರ್, ಪುಸ್ತಕದಾಗ ಹಂಗ ಬರದಾರಲ್ರಿ" ಎಂದ. ಅವನ ತಪ್ಪಲ್ಲ. ಆದರೆ ಬೆಟ್ಟವು ಗೋಡೆಯಂತೆ ಮೋಡವನ್ನು ತಡೆದು ನಿಲ್ಲಿಸುತ್ತದೆಂಬ ಈ ಚಿತ್ರ ನಮ್ಮ ಮನಸ್ಸಿನಿಂದ ಹೊರಟುಹೋಗುವವರೆಗೆ ನಮ್ಮೂರಿನ ಮಳೆ ನಮಗೆ ಅರ್ಥವಾಗಲಾರದೆಂದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಿಂತಲೂ ದೊಡ್ಡ ಅಡ್ಡಿ ಇನ್ನೊಂದಿದೆ. ಅದು ಜಿಲ್ಲೆಯ ಸರಾಸರಿ ಎಂಬ ಸಂಖ್ಯೆ. ಅದರ ಮಾತನ್ನು ಮುಂದೆ ಆಡುತ್ತೇನೆ.

ಬೆಟ್ಟ ಮತ್ತು ಮಳೆಗಳ ಸಂಬಂಧವನ್ನು ಶುದ್ಧ ರೂಪದಲ್ಲಿ ನೋಡಬೇಕಾದರೆ ಉಷ್ಣವಲಯದ ದ್ವೀಪಗಳಿಗೆ ಹೋಗಬೇಕು. ಅಲ್ಲಿ ಸುತ್ತಲೂ ಬೆಚ್ಚನೆಯ ಸಮುದ್ರ, ನಡುವೆ ಬೆಟ್ಟ, ತಿಂಗಳುಗಟ್ಟಲೆ ಒಂದೇ ದಿಕ್ಕಿನಿಂದ ಬೀಸುವ ಗಾಳಿ. ಪ್ರಯೋಗಶಾಲೆಯಲ್ಲಿ ಬೇಕೆಂದು ಜೋಡಿಸಿಟ್ಟ ಉಪಕರಣದಂತೆ. ಹವಾಯಿ ದ್ವೀಪಸಮೂಹದ ಕೌವಾಯಿ ಎಂಬಲ್ಲಿ, ಸುಮಾರು 1,570 ಮೀಟರು ಎತ್ತರದ ವೈಯಲೆಅಲೆ ಬೆಟ್ಟದ ಮೇಲೆ ವರ್ಷಕ್ಕೆ ಸುಮಾರು 10,000 ಮಿ.ಮೀ. ಮಳೆ ಬೀಳುತ್ತದೆ. ಅಲ್ಲಿಂದ ಗಾಳಿಯ ಮರೆಯ ಪಶ್ಚಿಮ ತೀರಕ್ಕೆ ಇಳಿದರೆ, ಮೂವತ್ತು ಕಿಲೋಮೀಟರಿನೊಳಗೇ ಮಳೆ 500-600 ಮಿ.ಮೀ.ಗೆ ಇಳಿದುಬಿಡುತ್ತದೆ. ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದ ಫೊಕ್ ಫೊಕ್ ಎಂಬಲ್ಲಿ 1966ರ ಜನವರಿ 7-8ರಂದು, ಚಂಡಮಾರುತವೊಂದು ಹಾದುಹೋದಾಗ, 24 ಗಂಟೆಗಳಲ್ಲಿ 1,825 ಮಿ.ಮೀ. ಮಳೆಯಾಯಿತು. ಬೆಳಗಾವಿ ನಗರಕ್ಕೆ ಇಡೀ ವರ್ಷದಲ್ಲಿಯೂ ಅಷ್ಟು ಮಳೆ ಬರುವುದು ಅಪರೂಪ.

ನಮಗೆ ಹತ್ತಿರದ ದ್ವೀಪವೆಂದರೆ ಶ್ರೀಲಂಕೆ. ಅದು ಇನ್ನೂ ಸ್ವಾರಸ್ಯದ್ದು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಅದರ ನೈಋತ್ಯ ಭಾಗವನ್ನು ತೋಯಿಸುತ್ತದೆ. ಅದೇ ಗಾಳಿ ನಡುವಿನ ಬೆಟ್ಟಗಳನ್ನು ದಾಟಿ ಪೂರ್ವತೀರಕ್ಕೆ ಇಳಿಯುವಾಗ ಬಿಸಿಯಾಗಿ, ಒಣಗಿ, 'ಕಚ್ಚಾನ್' ಎಂಬ ಹೆಸರಿನಿಂದ ಅಲ್ಲಿಯ ಜನರನ್ನು ಬೇಯಿಸುತ್ತದೆ. ಡಿಸೆಂಬರಿನಿಂದ ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗಿದೊಡನೆ ಬೆಟ್ಟದ ಬೆನ್ನು ಮುಖವಾಗುತ್ತದೆ, ಮುಖ ಬೆನ್ನಾಗುತ್ತದೆ. ಒಣಗಿದ್ದ ಪೂರ್ವತೀರಕ್ಕೆ ಮಳೆಗಾಲ. ಬೆಟ್ಟ ಅದೇ, ಸಮುದ್ರವೂ ಅದೇ. ಬದಲಾದುದು ಗಾಳಿಯ ದಿಕ್ಕು ಮಾತ್ರ. ತಡೆಯುವ ಗೋಡೆಯೊಂದೇ ಕಾರಣವಾಗಿದ್ದರೆ ಇಷ್ಟು ಸೂಕ್ಷ್ಮವಾದ ಲೆಕ್ಕ ಬರುತ್ತಿರಲಿಲ್ಲ.

ಇನ್ನು ನಮ್ಮಲ್ಲಿಗೆ ಬರೋಣ. ಪಣಜಿಯ ಕಡಲತೀರದಿಂದ ಈಶಾನ್ಯಕ್ಕೆ ಒಂದು ಗೆರೆ ಎಳೆಯಿರಿ. ಪಣಜಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಚೋರ್ಲಾ ಘಟ್ಟವನ್ನೇರಿ ಖಾನಾಪುರ ತಾಲೂಕಿನ ಕಣಕುಂಬಿಗೆ ಬಂದರೆ 3,500 ಮಿ.ಮೀ. ಮೀರುವ ವರ್ಷಗಳೇ ಹೆಚ್ಚು. ಅದೇ ತಾಲೂಕಿನ ಕಾಡಿನೊಳಗಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ.ಗಿಂತ ಹೆಚ್ಚು ಮಳೆ ದಾಖಲಾಯಿತೆಂಬ ಸುದ್ದಿ ಪ್ರಕಟವಾದಾಗ ಆಗುಂಬೆಯ ಕೀರ್ತಿಗೇ ಸ್ಪರ್ಧಿ ಹುಟ್ಟಿದಂತಾಗಿತ್ತು. ಖಾನಾಪುರ ಪಟ್ಟಣಕ್ಕೆ ಬಂದರೆ ಸುಮಾರು 1,800. ಅಲ್ಲಿಂದ ಇಪ್ಪತ್ತೈದು ಕಿಲೋಮೀಟರು ಉತ್ತರಕ್ಕಿರುವ ಬೆಳಗಾವಿಯಲ್ಲಿ ಸುಮಾರು 1,300. ಗೋಕಾಕ, ಸವದತ್ತಿ, ಅಥಣಿಗಳಲ್ಲಿ ಐದುನೂರು ಆರುನೂರರ ಆಸುಪಾಸು. ಕೌವಾಯಿಯಲ್ಲಿ ಮೂವತ್ತು ಕಿಲೋಮೀಟರಿನಲ್ಲಿ ಆಗುವ ಇಳಿತ ನಮ್ಮಲ್ಲಿ ನೂರು ಕಿಲೋಮೀಟರಿನಲ್ಲಿ ಆಗುತ್ತದೆ, ಅಷ್ಟೆ.

ಬೆಟ್ಟವು ಮಾಡುವ ಕೆಲಸವು ತಡೆಯುವುದಲ್ಲ, ಎತ್ತುವುದು. ಅರಬ್ಬೀ ಸಮುದ್ರದಿಂದ ಬರುವ, 28 ಡಿಗ್ರಿ ಉಷ್ಣತೆಯ, ನೂರಕ್ಕೆ 85ರಷ್ಟು ಆರ್ದ್ರತೆಯ ಒಂದು ಕಿಲೋಗ್ರಾಂ ವಾಯುವಿನಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಅದು ಮೇಲೇರಿದಂತೆ ಅದರ ಮೇಲಿನ ಒತ್ತಡ ಕಡಿಮೆಯಾಗಿ, ವಾಯು ಹಿಗ್ಗಿ, ಹಿಗ್ಗುವ ಕೆಲಸಕ್ಕೆ ತನ್ನ ಉಷ್ಣವನ್ನೇ ವೆಚ್ಚಮಾಡಿ ತಣ್ಣಗಾಗುತ್ತದೆ. ಮುನ್ನೂರು ನಾನೂರು ಮೀಟರು ಏರುವಷ್ಟರಲ್ಲಿ ಆವಿ ಪರ್ಯಾಪ್ತವಾಗಿ ಮೋಡ ಕಟ್ಟಲಾರಂಭಿಸುತ್ತದೆ. ಖಾನಾಪುರದ ಪಶ್ಚಿಮಕ್ಕಿರುವ ಬೆಟ್ಟಗಳ ನೆತ್ತಿ ಸುಮಾರು 800ರಿಂದ 1,000 ಮೀಟರು. ಅಲ್ಲಿಗೆ ಏರುವಷ್ಟರಲ್ಲಿ ಪ್ರತಿ ಕಿಲೋಗ್ರಾಂ ವಾಯುವಿನಿಂದ ಸುಮಾರು ಒಂದೂವರೆ ಗ್ರಾಂ ನೀರು ಹೊರಬೀಳುತ್ತದೆ.

ಒಂದೂವರೆ ಗ್ರಾಂ! ಇಷ್ಟರಿಂದ ಕಣಕುಂಬಿ ಮುಳುಗುವುದೇ ಎಂದು ನೀವು ನಗಬಹುದು. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ನೆಲದಿಂದ ಒಂದು ಕಿಲೋಮೀಟರು ದಪ್ಪದ ವಾಯುವಿನ ಪದರವು ಸೆಕೆಂಡಿಗೆ 10 ಮೀಟರಿನ ವೇಗದಲ್ಲಿ ಘಟ್ಟದತ್ತ ಬರುತ್ತಿದೆಯೆಂದು ಭಾವಿಸಿ. ಘನಮೀಟರಿಗೆ 1.1 ಕಿಲೋಗ್ರಾಂ ತೂಕ ಹಿಡಿದರೆ, ಬೆಟ್ಟಸಾಲಿನ ಒಂದು ಮೀಟರು ಉದ್ದದ ಮೇಲೆ ಸೆಕೆಂಡಿಗೆ 11,000 ಕಿಲೋಗ್ರಾಂ ವಾಯು ಹಾಯುತ್ತದೆ. ಪ್ರತಿಯೊಂದು ಕಿಲೋಗ್ರಾಂ ಒಂದೂವರೆ ಗ್ರಾಂ ನೀರು ಬಿಟ್ಟರೆ ಸೆಕೆಂಡಿಗೆ 16.5 ಕಿಲೋಗ್ರಾಂ ನೀರು. ಇದನ್ನು ಮೂವತ್ತು ಕಿಲೋಮೀಟರು ಅಗಲದ ಇಳಿಜಾರಿನ ಮೇಲೆ ಹರಡಿ. ಚದರಮೀಟರಿಗೆ ಒಂದು ಕಿಲೋಗ್ರಾಂ ನೀರೆಂದರೆ ಒಂದು ಮಿ.ಮೀ. ಮಳೆಯೆಂಬುದನ್ನು ನೆನೆದು ಲೆಕ್ಕ ಮುಗಿಸಿದರೆ ದಿನಕ್ಕೆ ಸುಮಾರು 47 ಮಿ.ಮೀ. ಬರುತ್ತದೆ. ಜುಲೈ ತಿಂಗಳಿಗೆ ಗುಣಿಸಿ ನೋಡಿ: 1,400 ಮಿ.ಮೀ. ಮೀರಿತು. ಒಳ್ಳೆಯ ಮಳೆಗಾಲದ ಜುಲೈಯಲ್ಲಿ ಕಣಕುಂಬಿಯ ಮಳೆ ಸಾವಿರ ಮಿ.ಮೀ. ದಾಟುವುದು ಸಾಮಾನ್ಯ. ಇಂಥ ಒರಟು ಲೆಕ್ಕವೂ ಸತ್ಯದ ಇಷ್ಟು ಸಮೀಪಕ್ಕೆ ಬರುವುದನ್ನು ಕಂಡಾಗ ನನಗೆ ಪ್ರತಿವರ್ಷವೂ ಹೊಸದಾಗಿ ಸಂತೋಷವಾಗುತ್ತದೆ. ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆಗುತ್ತದೆಂದು ನಂಬಿದ್ದೇನೆ. ಪಶ್ಚಿಮಘಟ್ಟದ ಮಳೆಗೆ ಇದೇ ತತ್ತ್ವದ ಮೇಲೆ, ಆದರೆ ಎಷ್ಟೋ ಹೆಚ್ಚು ನಯವಾದ ಗಣಿತದಿಂದ, 1966ರಲ್ಲಿ ಮಾದರಿಯೊಂದನ್ನು ಪ್ರಕಟಿಸಿದವರು ಭಾರತೀಯ ಹವಾಮಾನ ವಿಜ್ಞಾನಿ ಆರ್. ಪಿ. ಸರ್ಕಾರ್ ಅವರು.

ನಿಜವಾದ ಮಾರುತ ಇಷ್ಟು ಸರಳವಲ್ಲವೆಂಬುದನ್ನೂ ಹೇಳಬೇಕು. ಘಟ್ಟದ ಪ್ರಭಾವ ತೀರಕ್ಕಿಂತ ಮುಂಚೆಯೇ, ಸಮುದ್ರದ ಮೇಲೆಯೇ ಆರಂಭವಾಗಿ, ಅಲ್ಲಿಯೂ ಮಳೆ ಸುರಿಯುವುದುಂಟು. ಸಾಂದ್ರೀಕರಣದಿಂದ ಬಿಡುಗಡೆಯಾಗುವ ಗುಪ್ತೋಷ್ಣವು ಮೋಡವನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಹುಟ್ಟಿದ ಹನಿಯೂ ಹುಟ್ಟಿದಲ್ಲಿಯೇ ಬೀಳುವುದಿಲ್ಲ: ಎರಡು ಕಿಲೋಮೀಟರು ಎತ್ತರದಿಂದ ಸೆಕೆಂಡಿಗೆ ಎರಡು ಮೀಟರಿನಂತೆ ಇಳಿಯುವ ಸಣ್ಣ ಹನಿಗೆ ನೆಲ ಮುಟ್ಟಲು ಸಾವಿರ ಸೆಕೆಂಡು ಬೇಕು, ಅಷ್ಟರಲ್ಲಿ ಗಾಳಿ ಅದನ್ನು ಹತ್ತು ಹದಿನೈದು ಕಿಲೋಮೀಟರು ಪೂರ್ವಕ್ಕೆ ಹೊತ್ತೊಯ್ದಿರುತ್ತದೆ. ಜಾಂಬೋಟಿಯ ಹೊಲದಲ್ಲಿ ಕಂಬಳಿಯ ಕೊಪ್ಪೆ ಹೊದ್ದು ಭತ್ತದ ಸಸಿ ನೆಡುತ್ತಿರುವ ಹೆಣ್ಣುಮಗಳ ಬೆನ್ನ ಮೇಲೆ ಬೀಳುವ ನೀರಿನಲ್ಲಿ ಒಂದು ಪಾಲು ಗೋವೆಯ ಇಳಿಜಾರಿನ ಮೇಲೆ ಮೋಡವಾದುದು.

ದ್ವೀಪದ ಹೋಲಿಕೆ ಒಂದು ಕಡೆ ಮುರಿದುಬೀಳುತ್ತದೆ. ದ್ವೀಪದಲ್ಲಿ ಬೆಟ್ಟ ದಾಟಿದ ಗಾಳಿ ಪುನಃ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ಬಿಸಿಯಾಗಿ, ಮೋಡಗಳು ಕರಗಿ, ಬಿಸಿಲು ಹೊಳೆಯುತ್ತದೆ. ನಮ್ಮಲ್ಲಿ ಹಾಗೆ ಇಳಿಯಲು ಸ್ಥಳವೇ ಇಲ್ಲ. ಬೆಳಗಾವಿ ನಿಂತಿರುವುದೇ ಸುಮಾರು 750 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ. ಗಾಳಿ ಅಲ್ಪಸ್ವಲ್ಪ ಇಳಿದರೂ ಮೋಡ ಕರಗುವಷ್ಟು ಬಿಸಿಯಾಗುವುದಿಲ್ಲ. ಎತ್ತುವ ಬಲ ಮಾತ್ರ ನಿಂತುಹೋಗಿರುತ್ತದೆ. ಆದುದರಿಂದಲೇ ಬೆಳಗಾವಿಯ ಜುಲೈ ಎಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದ ಬೂದು ಆಕಾಶ, ಜಿಟಿಜಿಟಿ ಸೋನೆ, ಒಣಗದ ಬಟ್ಟೆ. ಮೋಡ ನೋಡಿದರೆ ಕಣಕುಂಬಿಯದೇ, ಅಳೆದರೆ ಅರ್ಧ ಪಾಲೂ ಇಲ್ಲ. ಪಠ್ಯಪುಸ್ತಕದ 'ಮಳೆಯ ನೆರಳಿನ' ಚಿತ್ರದಲ್ಲಿ ಬೆಟ್ಟದ ಆಚೆ ಸೂರ್ಯ ನಗುತ್ತಿರುತ್ತಾನೆ. ಟಿಳಕವಾಡಿಯಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ.

ಇನ್ನೂ ಪೂರ್ವಕ್ಕೆ ಹೋದರೆ ಕಾಲಮಾನವೇ ಬೇರೆ. ಖಾನಾಪುರದ ಮಳೆ ಜುಲೈಯಲ್ಲಿ ತುದಿ ಮುಟ್ಟುತ್ತದೆ. ಅಥಣಿ, ಗೋಕಾಕಗಳ ರೈತ ನೆಚ್ಚಿಕೊಂಡಿರುವುದು ಸೆಪ್ಟೆಂಬರಿನ ಮಳೆಯನ್ನು; ಅದು ಬೆಟ್ಟ ಎತ್ತಿದ ಮಳೆಯಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದೆದ್ದ ಗುಡುಗುಮೋಡದ ಮಳೆ. ಹಿಂಗಾರಿನ ಜೋಳ ಬಿತ್ತನೆಯಾಗುವುದು ಅದರ ತೇವದ ಬಲದಿಂದ. ಮಿರಗದ ಮಳೆ ಖಾನಾಪುರದ ರೈತನಿಗೆ ಎಷ್ಟು ಮುಖ್ಯವೋ ಉತ್ತರಾ ಹಸ್ತಗಳ ಮಳೆ ಅಥಣಿಯವನಿಗೆ ಅಷ್ಟು ಮುಖ್ಯ. (ನಕ್ಷತ್ರಗಳ ಮಾತು ಬಂದುದರಿಂದ ಒಂದು ಪಕ್ಕದ ಮಾತು: ಸೂರ್ಯ ಈಗ ಮೃಗಶಿರೆಯನ್ನು ಪ್ರವೇಶಿಸುವುದು ಜೂನ್ 7-8ರ ಸುಮಾರಿಗೆ. ಆದರೆ ನಕ್ಷತ್ರಗಳ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದಾದುದರಿಂದ ಎಪ್ಪತ್ತೊಂದು ವರ್ಷಕ್ಕೊಮ್ಮೆ ಒಂದು ದಿನ ಹಿಂದೆ ಬೀಳುತ್ತದೆ. ಸಾವಿರ ವರ್ಷಗಳ ಹಿಂದೆ ಮಿರಗವು ಋತುವಿನ ಲೆಕ್ಕದಲ್ಲಿ ಎರಡು ವಾರ ಮುಂಚೆ ಹೂಡುತ್ತಿತ್ತು. ಮಳೆನಕ್ಷತ್ರಗಳ ಲೆಕ್ಕ ರೈತನ ಸೂಕ್ಷ್ಮ ಅವಲೋಕನದ ಫಲವೆಂಬುದರಲ್ಲಿ ಸಂಶಯವಿಲ್ಲ, ಆದರೆ ಅದು ಎಂದೆಂದಿಗೂ ಸ್ಥಿರವಾದುದಲ್ಲ.)

ಈಗ ಸರಾಸರಿಯ ಮಾತು. ಬೆಳಗಾವಿ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಎಂದು ಎಲ್ಲ ಪುಸ್ತಕಗಳಲ್ಲಿಯೂ ಬರೆದಿದೆ. ಸ್ಪರ್ಧಾಪರೀಕ್ಷೆಗೆ ಓದುವ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ಆ 800 ಮಿ.ಮೀ. ಮಳೆ ಬೀಳುವ ಊರು ಯಾವುದು? ಕಣಕುಂಬಿಯಲ್ಲ, ಖಾನಾಪುರವಲ್ಲ, ಬೆಳಗಾವಿಯಲ್ಲ, ಗೋಕಾಕವೂ ಅಲ್ಲ. ಹುಡುಕಿದರೆ ನಡುವಿನ ಒಂದು ಸಣ್ಣ ಪಟ್ಟಿಯಲ್ಲಿ ಕೆಲವು ಹಳ್ಳಿಗಳು ಸಿಕ್ಕಾವು. ಒಂದು ಕಾಲು ಬಿಸಿನೀರಿನಲ್ಲಿ, ಒಂದು ಕಾಲು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡವನ ಸರಾಸರಿ ಉಷ್ಣತೆ ಹಿತವಾಗಿದೆಯೆಂದ ಹಾಗಾಯಿತು ಇದು.

ಇದು ಪರೀಕ್ಷೆಯ ಅಂಕದ ವಿಷಯ ಮಾತ್ರವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅದು ಖಾನಾಪುರವನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯವನ್ನು ತುಂಬಿ, ರಾಮದುರ್ಗದ ಕಡೆಗೆ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಯಿಂದ ನದಿ ಉಕ್ಕಿ, ಜಲಾಶಯದಿಂದ ನೀರು ಬಿಡಬೇಕಾಗಿ ಬಂದಾಗ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತು. ಆ ನೀರಿನ ಬಹುಭಾಗ ರಾಮದುರ್ಗದ ಆಕಾಶದಿಂದ ಬಿದ್ದುದಲ್ಲ. ಕಡಿಮೆ ಮಳೆಯ ಸೀಮೆಯಲ್ಲಿ ನಿಂತು ತನ್ನ ತಲೆಯ ಮೇಲಿನ ಮೋಡವನ್ನೇ ನೋಡುವವನಿಗೆ, ನೂರು ಕಿಲೋಮೀಟರಿನಾಚೆ ಕಾಡಿನೊಳಗೆ ಬಿದ್ದ ಮಳೆಯ ಅಳತೆ ಎರಡು ದಿನ ಮುಂಚಿತವಾಗಿ ತಿಳಿಯುವುದು ಎಷ್ಟು ಬೆಲೆಯುಳ್ಳದ್ದೆಂದು ಆ ವರ್ಷ ಎಲ್ಲರಿಗೂ ಮನವರಿಕೆಯಾಯಿತು. ಮಹದಾಯಿಯೂ ಇದೇ ತಾಲೂಕಿನಲ್ಲಿ ಹುಟ್ಟಿ ಗೋವೆಗೆ ಇಳಿಯುತ್ತದೆ. ಅದರ ನೀರಿನ ಹಂಚಿಕೆಗಾಗಿ 2010ರಲ್ಲಿ ನ್ಯಾಯಾಧಿಕರಣ ರಚನೆಯಾಗಿ 2018ರ ಆಗಸ್ಟಿನಲ್ಲಿ ತೀರ್ಪು ಬಂದಿತು. ಅದರ ವಾದಗಳೊಳಗೆ ನಾನು ಹೋಗುವುದಿಲ್ಲ. ಆದರೆ ಅಂಥ ಪ್ರತಿಯೊಂದು ವಾದದ ತಳದಲ್ಲಿಯೂ 'ಈ ಬೆಟ್ಟದ ಮೇಲೆ ಎಷ್ಟು ಮಳೆ ಬೀಳುತ್ತದೆ' ಎಂಬ ಭೌತವಿಜ್ಞಾನದ ಪ್ರಶ್ನೆಯೊಂದು ಕುಳಿತಿರುತ್ತದೆ.

ಇಂದು ಉಪಗ್ರಹಗಳಿವೆ, ಗೋವೆಯಲ್ಲಿ ಹವಾಮಾನ ಇಲಾಖೆಯ ರಾಡಾರಿದೆ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿದೆ. ಇನ್ನು ಶಾಲೆಯ ಹುಡುಗರು ಡಬ್ಬಿ ಹಿಡಿದು ಮಳೆ ಅಳೆಯುವುದೇತಕ್ಕೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಘಟ್ಟದ ಮಳೆಯ ಹೆಚ್ಚಿನ ಪಾಲು ಎತ್ತರವಲ್ಲದ, ಮಂಜುಗಡ್ಡೆಯಾಗದ ಮೋಡಗಳಿಂದ ಬೀಳುವಂಥದು. ಮೋಡದ ನೆತ್ತಿಯ ಶೈತ್ಯವನ್ನು ನೋಡಿ ಮಳೆಯನ್ನು ಊಹಿಸುವ ಉಪಗ್ರಹಕ್ಕೆ ಇಂಥ ಮೋಡ ಬಡವನಂತೆ ಕಾಣುತ್ತದೆ. ರಾಡಾರಿನ ಕಿರಣಕ್ಕೆ ಬೆಟ್ಟ ಅಡ್ಡ ಬರುತ್ತದೆ. ಮೋಡವನ್ನಲ್ಲದಿದ್ದರೂ ಕಿರಣವನ್ನು ಬೆಟ್ಟ ನಿಜವಾಗಿಯೂ ತಡೆಯುತ್ತದೆ! ಸ್ವಯಂಚಾಲಿತ ಮಾಪಕದೊಳಗೆ ತಕ್ಕಡಿಯಂತೆ ವಾಲುವ ಸಣ್ಣ ಬಟ್ಟಲುಗಳಿರುತ್ತವೆ. ಮಳೆ ಬಹಳ ಬಿರುಸಾದಾಗ ಬಟ್ಟಲು ವಾಲುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ತಪ್ಪುತ್ತದೆ, ಕಸ ಸಿಕ್ಕಿಕೊಂಡರೆ ಲೆಕ್ಕವೇ ನಿಲ್ಲುತ್ತದೆ. ಇವೆಲ್ಲವೂ ಬೆಲೆಯುಳ್ಳ ಉಪಕರಣಗಳೇ. ಆದರೆ ಯಾವ ಉಪಕರಣಕ್ಕೂ ಎರಡನೆಯ ಸಾಕ್ಷಿ ಇರುವುದು ಒಳ್ಳೆಯದು. ಜೊತೆಗೆ, ಸಮುದ್ರದ ಮೇಲಿನ ವಾಯುವಿನ ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ ಅದು ಹೊರಬಲ್ಲ ಆವಿ ಸುಮಾರು ನೂರಕ್ಕೆ 7ರಷ್ಟು ಹೆಚ್ಚುತ್ತದೆ. ಭೂಮಿ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಒಂದೇ ದಿನ ಸುರಿಯುವ ಮಳೆ ಎಷ್ಟೆಂಬುದು ತಿಂಗಳ ಮೊತ್ತಕ್ಕಿಂತ ಮುಖ್ಯವಾಗುತ್ತಿದೆ.

ಕಾಡಿನ ವಿಷಯದಲ್ಲಿಯೂ ನಾನು ಒಂದು ಅಪ್ರಿಯವಾದ ಮಾತನ್ನು ಹೇಳಬೇಕಾಗಿದೆ. "ಮರಗಳು ಮೋಡವನ್ನು ಸೆಳೆಯುತ್ತವೆ, ಆದುದರಿಂದ ಕಾಡನ್ನು ಉಳಿಸಿ" ಎಂದು ಭಾಷಣಸ್ಪರ್ಧೆಗಳಲ್ಲಿ ಹುಡುಗರು ಗಟ್ಟಿಯಾಗಿ ಹೇಳುತ್ತಾರೆ. ಕಣಕುಂಬಿಯ ಬೆಟ್ಟ ಬೋಳಾದರೂ ಮಾರುತ ಅದನ್ನೇರಲೇಬೇಕು, ಏರಿದರೆ ಮಳೆ ಸುರಿಯಲೇಬೇಕು. ಕಾಡಿನ ಎಲೆಗಳಿಂದ ಮರಳಿ ಆವಿಯಾಗುವ ನೀರು ಪೂರ್ವದ ಒಣಸೀಮೆಯ ಮೋಡಗಳಿಗೆ ಒಂದು ಪಾಲನ್ನು ಒದಗಿಸುತ್ತದೆಂಬುದು ನಿಜ. ಆದರೆ ಕಾಡಿನ ದೊಡ್ಡ ಉಪಕಾರ ಬಿದ್ದ ಮೇಲಿನದು: ಜುಲೈಯ ನೀರನ್ನು ಎಲೆಗೊಬ್ಬರದ ನೆಲ ಹೀರಿ, ಡಿಸೆಂಬರಿನವರೆಗೆ ತೊರೆಗಳಲ್ಲಿ ಮೆಲ್ಲನೆ ಬಿಡುತ್ತದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಕಾಡು ಇಲ್ಲವಾದರೆ ಮಳೆ ಕಡಿಮೆಯಾಗದೆ ಇರಬಹುದು, ನದಿ ಮಾತ್ರ ನಾಲ್ಕು ತಿಂಗಳ ಪ್ರವಾಹವಾಗಿ, ಎಂಟು ತಿಂಗಳ ಮರಳಾಗಿ ಉಳಿದೀತು. ಒಳ್ಳೆಯ ಕೆಲಸವನ್ನು ತಪ್ಪು ಕಾರಣಕ್ಕಾಗಿ ಸಮರ್ಥಿಸಿದರೆ, ಕಾರಣ ಸುಳ್ಳೆಂದು ತಿಳಿದ ದಿನ ಜನರು ಕೆಲಸವನ್ನೂ ಕೈಬಿಡುತ್ತಾರೆ.

ನನ್ನ ಸೂಚನೆ ಸರಳವಾದುದು. ಕಣಕುಂಬಿ, ಜಾಂಬೋಟಿ, ಖಾನಾಪುರ, ಬೆಳಗಾವಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ಒಂದೊಂದು ಊರಿನಲ್ಲಿ ಒಂದು ಪ್ರೌಢಶಾಲೆಯೋ ಕಾಲೇಜೋ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು, ಇತರ ಶಾಲೆಗಳಿಗೆ ತಿಳಿಸಲಿ. ಎಂಟೂವರೆಯೇ ಏಕೆಂದರೆ ಹವಾಮಾನ ಇಲಾಖೆಯ ಮಳೆದಿನವು ಆಗಲೇ ಮುಗಿದು ಆಗಲೇ ಆರಂಭವಾಗುವುದರಿಂದ. ಭಾನುವಾರವೂ ಹಬ್ಬದ ದಿನವೂ ಅಳೆಯಬೇಕು. ಇದು ಹುಡುಗರಿಗಿಂತ ಮಾಸ್ತರರಿಗೆ ಕಷ್ಟವೆಂದು ಬಲ್ಲೆ. ಜಿಲ್ಲೆಯ ಸರಾಸರಿಯನ್ನು ಗೋಡೆಯ ನಕ್ಷೆಯಿಂದ ಅಳಿಸಿ, ಆ ಜಾಗದಲ್ಲಿ ಈ ಏಳು ಊರುಗಳ ಏಳು ಗೆರೆಗಳನ್ನು ವಿದ್ಯಾರ್ಥಿಗಳೇ ಬರೆಯಲಿ.

ಮಾಪಕಕ್ಕೆ ಹಣ ಬೇಕಿಲ್ಲ. ಬಾಯಿಯ ವ್ಯಾಸ 16 ಸೆಂ.ಮೀ. ಇರುವ ಆಲಿಕೆಯೊಂದನ್ನು ಆರಿಸಿಕೊಂಡರೆ ಅದರ ವಿಸ್ತೀರ್ಣ 201 ಚದರ ಸೆಂ.ಮೀ.; ಅಂದರೆ ಬಾಟಲಿಯಲ್ಲಿ ಕೂಡಿದ ಪ್ರತಿ 20 ಮಿಲಿಲೀಟರು ನೀರೂ ಒಂದು ಮಿ.ಮೀ. ಮಳೆ. ನಮ್ಮ ಮೊದಲ ಮಾಪಕವನ್ನು ನಾನೇ ಕಟ್ಟಡದ ಮಾಳಿಗೆಯ ಮೇಲೆ ಇಡಿಸಿ ಮೋಸಹೋದೆ; ಅಲ್ಲಿಯ ಗಾಳಿ ಹನಿಗಳನ್ನು ಆಲಿಕೆಯ ಬಾಯಿಂದ ಪಕ್ಕಕ್ಕೆ ಹಾರಿಸುತ್ತಿದ್ದುದರಿಂದ ಅಂಗಳದ ಮಾಪಕಕ್ಕಿಂತ ಅದು ಯಾವಾಗಲೂ ಕಡಿಮೆ ತೋರಿಸುತ್ತಿತ್ತು. ಬಯಲಿನಲ್ಲಿ, ಮರಗೋಡೆಗಳಿಂದ ದೂರ, ಆಲಿಕೆಯ ಅಂಚು ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬರುವಂತೆ ಇಡಬೇಕು. ಬೈಲಹೊಂಗಲಕ್ಕೆ ನಾಲ್ಕು ಲೀಟರಿನ ಬಾಟಲಿ ಧಾರಾಳವಾಗಿ ಸಾಕು, ಅದು 200 ಮಿ.ಮೀ. ಹಿಡಿಯುತ್ತದೆ. ಕಣಕುಂಬಿಯ ಶಾಲೆಯವರು ಹತ್ತು ಲೀಟರಿನ ಡಬ್ಬಿಯನ್ನೇ ಇಡಲಿ. ಇಲ್ಲವಾದರೆ ಎಲ್ಲಕ್ಕಿಂತ ಬೇಕಾದ ದಿನದ ಅಳತೆಯೇ ಉಕ್ಕಿ ಹೊರಗೆ ಹರಿದುಹೋಗಿರುತ್ತದೆ.